ಬಲೆ ಎತ್ತುವ ನಿಯಮ

ಲೆಯಾಂದ್ರೆಯನ್ನು ಸ್ಮಶಾನದ ಗೋಡೆಯ ಗೂಡಿನೊಳಗಿಟ್ಟು ಮೆತ್ತಿದ ಗಾರೆ ಇನ್ನೂ ಒಣಗಿರಲಿಲ್ಲ. ಅಷ್ಟರಲ್ಲೇ ಮೀನುಗಾರರ ಸಂಘದವರು ಬಂದು ಸರೋವರದಲ್ಲಿ ಅವನು ಬಲೆ ಕಟ್ಟುತ್ತಿದ್ದ ನೆಲೆಯ ಗೂಟ ಕಿತ್ತರು.

ಕನ್ಸೋಲ್ ಕಟ್ಟೆಯ ಮೇಲೆ ನಿಂತು ನೋಡಿದಳು. ಸತ್ತವನಿಗೆ ಇದ್ದವಳು ಇವಳೊಬ್ಬಳೇ ಮಗಳು. ಮೈಮೇಲೆ ಕರಿ ಬಟ್ಟೆ, ಕಾಲಲ್ಲಿ ಮೊಣಕಾಲುದ್ದದ ರಬ್ಬರ್ ಬೂಟು. ಅಪ್ಪನನ್ನು ಕಳಿಸಿ ಬಂದವಳು ನೇರ ಬಲೆ ಎತ್ತಲು ಹೊರಟಿದ್ದಳು. ಹಾವುಮೀನಿಗೆ ಸೂತಕ ಗೊತ್ತಿಲ್ಲವಲ್ಲ.

“ಯಾಕ್ರೀ ಕೀಳ್ತಿದೀರ?” ಎಂದು ಕೂಗಿದಳು.

ಸಂಘದ ಅಧ್ಯಕ್ಷ ಸೆರಾಫಿ ದೋಣಿಯಲ್ಲಿ ಕೂತಲ್ಲಿಂದಲೇ ಉತ್ತರ ಕೊಟ್ಟ. ಗೂಟ ಕೀಳುತ್ತಿದ್ದವರು ಬೇರೆಯವರು. ಅವನು ಕೂತಿದ್ದ, ಅಷ್ಟೆ.

“ನೆಲೆ ಸಂಘದ್ದಮ್ಮ, ವರ್ಷಾ ವರ್ಷಾ ಚೀಟಿ ಎತ್ತಿ ಹಂಚೋದು. ಆ ಹಕ್ಕು ನಿಮ್ಮಪ್ಪ ಇರೋವರ್ಗೂ ಅವ್ನದು. ಗಂಡುಮಗ ಇದ್ದಿದ್ರೆ ಅವ್ನಿಗೆ ಹೋಗೋದು. ನೀನು ಹೆಣ್ಣು. ಇದು ರೂಢಿ ಕಣಮ್ಮ, ನಾನ್ ಮಾಡಿದ್ದಲ್ಲ.”

“ಇಷ್ಟು ವರ್ಷ ಆ ಬಲೆ ಎತ್ತಿದ್ದು ಯಾರು ಮಾವಾ?”

“ನಿಮ್ಮಪ್ಪ.”

“ಅಪ್ಪನ ಸೊಂಟ ಬಿದ್ದು ಎಷ್ಟು ಕಾಲ ಆಯ್ತು? ನೀವೇ ಬಂದು ಮುಲಾಮು ಕೊಟ್ಟು ಹೋಗಿದ್ರಲ್ಲ?”

“ನೀನು ಕೈ ಜೋಡಿಸ್ತಿದ್ದೆ. ಅಷ್ಟೆ.”

ಕೈ ಜೋಡಿಸುವುದು. ಎಲ್ ಸೆನಿಯಾರ್ ಊರಿನಲ್ಲಿ ಹೆಂಗಸರ ದುಡಿಮೆಗೆ ಇದ್ದ ಹೆಸರು ಅದೊಂದೇ. ಕತ್ತಲಲ್ಲೇ ಎದ್ದು ಗಳ ಹಾಕಿ ದೋಣಿ ನೂಕುವುದು ಕೈ ಜೋಡಿಸುವುದು. ಜನವರಿಯ ನೀರಿಗೆ ಭುಜದವರೆಗೆ ಕೈ ಇಳಿಸಿ ಬಲೆಯ ಬಾಯಿ ಹುಡುಕುವುದೂ ಅದೇ. ಕೆಸರು, ಪಾಚಿ, ಮೀನು ಎಲ್ಲ ತುಂಬಿ ಹೆಣಭಾರವಾದ ಬಲೆಯನ್ನು ಎದೆಗೆ ಒತ್ತಿಕೊಂಡು ಎಳೆಯುವುದೂ ಅದೇ. ಹಗ್ಗ ಕೊರೆದು ಅಂಗೈ ಸೀಳಿದರೆ ಬೆಣ್ಣೆ ಹಚ್ಚಿಕೊಂಡು ಬಟ್ಟೆ ಸುತ್ತುತ್ತಾರೆ. ಹರಿದ ಬಲೆ ಹೆಣೆಯುತ್ತಾರೆ. ಮೀನು ಸೀಳಿ ಕರುಳು ತೆಗೆಯುತ್ತಾರೆ. ಗಂಡಸು ದೋಣಿಯ ಹಿಂಬದಿಯಲ್ಲಿ ಸಿಗರೇಟು ಸೇದುತ್ತಾ ಕೂತಿದ್ದು, ಬಿಸಿಲೇರುವಷ್ಟರಲ್ಲಿ ಕಾಫಿ ಅಂಗಡಿ ಸೇರಿ, ಸೋಂಪಿನ ಸಾರಾಯಿ ಒಂದು ಗುಟುಕು ಏರಿಸಿ, “ಬಲೆ ಎತ್ತಿ ಬಂದೆ ನೋಡು” ಎನ್ನುತ್ತಾನೆ. ಹೇಳಿ ಹೇಳಿ ಅವನಿಗೇ ಅದು ನಿಜವಾಗಿಬಿಟ್ಟಿದೆ. ಈ ಕಥೆ ನಡೆದದ್ದೇ ಆ ಮರೆವಿನಿಂದ.

ಗೂಟ ಕಿತ್ತು ದೋಣಿ ಹೊರಟಿತು. ಕನ್ಸೋಲ್‌ಗೆ ಅಳು ಬರಲಿಲ್ಲ. ಅಳುವನ್ನು ಅಪ್ಪನಿಗೆ ಖರ್ಚು ಮಾಡಿ ಮುಗಿಸಿದ್ದಳು. ಉಳಿದದ್ದು ಸಿಟ್ಟು ಮಾತ್ರ. ಇಪ್ಪತ್ತು ವರ್ಷ ಸಾಕಿದ ಹಸುವನ್ನು ಹಗಲಲ್ಲೇ ಹೊಡೆದುಕೊಂಡು ಹೋದರೆ ಬರುವಂಥ ಸಿಟ್ಟು. ಅವಳಿಗೆ ನಲವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ನೀರು ಬಿಟ್ಟರೆ ಬೇರೆ ಬದುಕು ಗೊತ್ತಿರಲಿಲ್ಲ. ನೆಲೆ ಹೋದರೆ ಊರಲ್ಲಿ ಅವಳಿಗೆ ಉಳಿಯುವುದು ಬೇರೆಯವರ ಮೀನಿನ ಕರುಳು ತೆಗೆಯುವ ಕೂಲಿ.

ವಾಲೆನ್ಸಿಯಾದ ಮಾರುಕಟ್ಟೆಯಲ್ಲಿ ಅವಳ ಹತ್ತಿರ ಹಾವುಮೀನು ಕೊಳ್ಳುತ್ತಿದ್ದ ಒಬ್ಬ ಗಿರಾಕಿ ಇದ್ದಳು, ಬೆಗೋನ್ಯಾ. ಸಣ್ಣ ವಯಸ್ಸು, ದಪ್ಪ ಕನ್ನಡಕ, ವೃತ್ತಿಯಲ್ಲಿ ವಕೀಲೆ. ಮೀನಿನ ತಲೆ ತೆಗೆಯುವುದನ್ನು ನೋಡಲಾರದೆ ಮುಖ ಆಚೆ ತಿರುಗಿಸಿಕೊಳ್ಳುವವಳು. ಅವಳು ಗೂಟ ಕಿತ್ತ ಸುದ್ದಿ ಕೇಳಿ ಆ ವಾರದ ಕೊನೆಗೆ ಬಸ್ಸು ಹತ್ತಿ ಎಲ್ ಸೆನಿಯಾರ್‌ಗೇ ಬಂದಳು. ಅಡುಗೆಮನೆಯ ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದು ವಿವರಿಸಿದಳು.

“ನೋಡಿ ಕನ್ಸೋಲಕ್ಕ. ನಮ್ಮ ಸಿವಿಲ್ ಸಂಹಿತೆ ಶುರುವಾಗೋದೇ ಹೀಗೆ. ಮೊದ್ಲು ಕಾನೂನು. ಕಾನೂನು ಏನೂ ಹೇಳದೆ ಇರೋ ಕಡೆ ಮಾತ್ರ ರೂಢಿ. ರೂಢಿನೂ ಇಲ್ಲದ ಕಡೆ ನ್ಯಾಯದ ಸಾಮಾನ್ಯ ತತ್ವಗಳು. ಇವೆಲ್ಲದರ ನೆತ್ತಿ ಮೇಲೆ ಸಂವಿಧಾನ.”

ಮೂಲೆಯಲ್ಲಿ ಬಲೆ ಹೆಣೆಯುತ್ತಾ ಕೂತಿದ್ದ ಕನ್ಸೋಲ್‌ಳ ತಾಯಿ ತೊಮಾಸಾ ತಲೆ ಎತ್ತದೆ ಹೇಳಿದಳು, “ನಮ್ಮೂರಲ್ಲಿ ಎಲ್ಲದರ ನೆತ್ತಿ ಮೇಲೆ ಸೆರಾಫಿ.”

ಬೆಗೋನ್ಯಾ ನಕ್ಕಳು. “ಸಂವಿಧಾನದ ಹದಿನಾಲ್ಕನೇ ವಿಧಿ ಅಂತ ಒಂದಿದೆ ಅಜ್ಜಿ. ಸ್ಪೇನಿನವರೆಲ್ಲ ಕಾನೂನಿನ ಮುಂದೆ ಸಮಾನರು. ಹುಟ್ಟು, ಲಿಂಗ, ಧರ್ಮ ಯಾವುದರ ಹೆಸರಲ್ಲೂ ಭೇದ ಮಾಡೋ ಹಾಗಿಲ್ಲ.”

“ಅದು ಬಂದು ಎಷ್ಟು ದಿನ ಆಯ್ತು?”

“ಇಪ್ಪತ್ತು ವರ್ಷ ಆಗ್ತಾ ಬಂತು.”

“ಇಲ್ಲಿಗೆ ಬಸ್ಸು ಒಂದು ಗಂಟೆ ದಾರಿ ತಾನೆ? ಅದಕ್ಯಾಕೆ ಇಷ್ಟು ತಡ?”

ತೊಮಾಸಾಗೆ ಕಾನೂನು ಗೊತ್ತಿರಲಿಲ್ಲ ಎಂದಲ್ಲ. ಕಾನೂನು ಅವಳ ಮೈಮೇಲೆ ಓಡಾಡಿತ್ತು. ಅವಳು ಹುಡುಗಿಯಾಗಿದ್ದಾಗ ಗಣರಾಜ್ಯ ಬಂದು, ಅವಳ ತಾಯಿ ಚರ್ಚಿಗೆ ಹೋಗುವ ಬಟ್ಟೆ ಉಟ್ಟು ಮೊದಲ ಸಲ ಮತ ಹಾಕಿ ಬಂದಿದ್ದಳು. ಆಮೇಲೆ ಯುದ್ಧ, ಆಮೇಲೆ ಜನರಲ್‌ನ ಸರ್ವಾಧಿಕಾರ. ತಾಯಿಗೆ ಸಿಕ್ಕಿದ್ದು ಮಗಳಿಗೆ ಇಲ್ಲವಾಯಿತು.

“ಬ್ಯಾಂಕಲ್ಲಿ ನಾಲ್ಕು ಕಾಸು ಇಡೋಕೂ ಗಂಡನ ರುಜು ಬೇಕಿತ್ತು ಮಗಾ. ಕೆಲಸಕ್ಕೆ ಸೇರೋಕೂ ಅಷ್ಟೆ. ಹೆಂಡ್ತಿ ಇನ್ನೊಬ್ಬನ ಜೊತೆ ಹೋದ್ರೆ ಜೈಲು. ಗಂಡ ಹೋದ್ರೆ ಊಟಕ್ಕೆ ಬರೋದು ತಡ ಆಯ್ತು ಅಷ್ಟೆ. ಆ ಇನ್ನೊಬ್ಬಳನ್ನ ತಂದು ಮನೇಲೇ ಇಟ್ಕೊಂಡ್ರೆ ಮಾತ್ರ ತಪ್ಪಂತೆ. ಮನೇಲಿ ಜಾಗ ಎಲ್ಲಿತ್ತು? ಬಲೆಯೇ ತುಂಬಿರೋದು.”

ಮೊಕದ್ದಮೆ ಹೂಡಿದರು. ಅವತ್ತಿನಿಂದ ಊರು ಕನ್ಸೋಲ್‌ಳ ಮೇಲೆ ತಿರುಗಿಬಿತ್ತು. ಲೆಯಾಂದ್ರೆಯ ಮನೆತನಕ್ಕೆ ಕಪ್ಪೆ ಎಂದು ಅಡ್ಡಹೆಸರು. ಅವಳು ಬೀದಿಗಿಳಿದರೆ ಕಾಫಿ ಅಂಗಡಿಯಿಂದ ವಟವಟ ಸದ್ದು ಬರುತ್ತಿತ್ತು. ಮೊಮ್ಮಕ್ಕಳಿರುವ ಗಂಡಸರು ಕೆನ್ನೆ ಉಬ್ಬಿಸಿಕೊಂಡು ವಟಗುಟ್ಟುತ್ತಿದ್ದರು. ಬ್ರೆಡ್ಡಿನವಳು ಎಲ್ಲರಿಗೂ ಕೊಟ್ಟು ಇವಳಿಗೆ ಮುಗಿಯಿತೆನ್ನುತ್ತಿದ್ದಳು, ಹಿಂದಿನ ಬುಟ್ಟಿಯಲ್ಲಿ ಬ್ರೆಡ್ಡು ಕಾಣುತ್ತಿದ್ದರೂ. ಒಂದು ಬೆಳಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ತುಂಬ ಹಾವುಮೀನಿನ ಕರುಳು. ಅವಳು ಬಗ್ಗಿ ಬರಿಗೈಯಲ್ಲೇ ಬಾಚಿದಳು. ಎದುರು ಮನೆಯ ಕಿಟಕಿಯಲ್ಲಿ ಯಾರೋ ನಕ್ಕರು. ಅವತ್ತು ಮಾತ್ರ ಅವಳಿಗೆ ಅನ್ನ ಇಳಿಯಲಿಲ್ಲ.

ಇನ್ನೊಂದು ದಿನ ದೋಣಿಯ ತಳಕ್ಕೆ ಕೊಡಲಿ ಬಿದ್ದಿತ್ತು. ಠಾಣೆಗೆ ಹೋದಳು. ಅಲ್ಲಿನ ಪೊಲೀಸಿನವನು ಮೀಸೆ ಸವರಿಕೊಂಡ. “ಇದು ಅಪರಾಧವೇ ಅಮ್ಮ. ದಂಡ ಸಂಹಿತೆಯಲ್ಲಿ ಸ್ಪಷ್ಟವಾಗಿದೆ. ಸಾಕ್ಷಿ?” ಸಾಕ್ಷಿ ಇರಲಿಲ್ಲ. ಊರಿಗೆ ಊರೇ ಆ ಹೊತ್ತಿನಲ್ಲಿ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿತ್ತಂತೆ. ಅಷ್ಟು ದೈವಭಕ್ತಿಯ ಊರು ಅದು ಎಂದು ಪಾದ್ರಿಗೂ ಗೊತ್ತಿರಲಿಲ್ಲ.

ನ್ಯಾಯಾಲಯದ ದಿನ ಸಂಘ ಒಂದು ಬಸ್ಸು ಮಾಡಿ ಹೆಂಡತಿಯರನ್ನೆಲ್ಲ ತುಂಬಿಕೊಂಡು ಬಂತು. ರೂಢಿಯ ಪರ ಹೆಂಗಸರೇ ಇದ್ದಾರೆಂದು ತೋರಿಸಲು. ಮುಂದಾಳು ಸೆರಾಫಿಯ ಹೆಂಡತಿ ಅಡೆಲೀನಾ. ರೂಢಿ ಇದೆ ಎನ್ನುವವರು ಅದನ್ನು ಸಾಬೀತು ಮಾಡಬೇಕೆಂದರು ನ್ಯಾಯಾಧೀಶರು. ಸೆರಾಫಿ ಎದ್ದು ನಿಂತು ಎದೆ ತಟ್ಟಿಕೊಂಡ.

“ಅರಸರ ಕಾಲದಿಂದ್ಲೂ ನಮ್ಮೂರ ಹೆಂಗಸ್ರು ಬಲೆ ಮುಟ್ಟಿದವರಲ್ಲ ಸ್ವಾಮಿ. ಅವರ ಮೈಗೆ ಆ ಕಸುವಿಲ್ಲ.”

ಬಸ್ಸಿನ ಹೆಂಗಸರು ತಲೆಯಾಡಿಸಿದರು. ಅಡೆಲೀನಾ ಮಾತ್ರ ಹಗ್ಗ ಕೊರೆದ ಬೆರಳುಗಳನ್ನು ಸೆರಗಿನಂಥ ಶಾಲಿನೊಳಗೆ ಎಳೆದುಕೊಂಡು, ಗಂಡನ ಬೆನ್ನನ್ನೇ ನೋಡುತ್ತಾ ಕೂತಿದ್ದಳು. ಕನ್ಸೋಲ್ ಅದನ್ನು ಕಂಡಳು.

ತೀರ್ಪು ಕನ್ಸೋಲ್ ಪರ ಬಂತು. ಸಂಘದವರು ಮೇಲಿನ ಕೋರ್ಟಿಗೆ ಹೋದರು, ಅಲ್ಲೂ ಅದೇ. ಸಂವಿಧಾನಕ್ಕೆ ಎದುರಾದ ರೂಢಿ ರೂಢಿಯೇ ಅಲ್ಲ, ಹೆಂಗಸು ಎಂಬ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ, ಎಲ್ಲರಿಗೂ ಒಂದೇ ಷರತ್ತು ಇರಬೇಕು ಎಂದಿತ್ತು ತೀರ್ಪು.

ಒಂದೇ ಷರತ್ತು ಎಂಬ ಮಾತನ್ನು ಸೆರಾಫಿ ಗಬಕ್ಕನೆ ಹಿಡಿದ. ಸಂಘದ ಸಭೆ ಕರೆದ.

“ಸಂವಿಧಾನಕ್ಕೆ ಗೌರವ ಕೊಡೋಣ. ಗಂಡ್ಸು ಹೆಂಗ್ಸು ಅನ್ನೋ ಮಾತೇ ಬೇಡ. ಇಷ್ಟೇ ಬರೆಯೋಣ. ನೆಲೆ ಬೇಕು ಅನ್ನೋರು ಸಂಘದ ಮನೆಯಲ್ಲಿ ಹುಟ್ಟಿರಬೇಕು. ಮತ್ತೆ ಒಂದು ಗಂಟೆಯೊಳಗೆ ದೋಣಿ ನೂಕ್ಕೊಂಡು ಹೋಗಿ ಒದ್ದೆ ಬಲೆ ಎತ್ತಿ ವಾಪಸ್ ತರಬೇಕು. ಒಬ್ಬರೇ. ಎಲ್ಲರಿಗೂ ಇದೇ. ಈಗ ಬರಲಿ ಆ ಕಪ್ಪೆ, ಕುಪ್ಪಳಿಸಲಿ ನೋಡೋಣ.”

ಸಭೆ ನಕ್ಕು ಉರುಳಾಡಿತು. ಪರವಾಗಿ ಎಲ್ಲರೂ ಉತ್ಸಾಹದಿಂದ ಕೈ ಎತ್ತಿದರು. ಅದೇ ಕೈಯಲ್ಲಿ ಒಬ್ಬರೇ ಬಲೆ ಎತ್ತಿ ಎಷ್ಟು ಕಾಲವಾಯಿತೆಂದು ಒಬ್ಬನಿಗೂ ನೆನಪಾಗಲಿಲ್ಲ.

ಬೆಗೋನ್ಯಾ ಕೆಂಡವಾದಳು. “ಇದು ಕುತಂತ್ರ. ನಾಳೆಯೇ ಪ್ರಶ್ನೆ ಮಾಡ್ತೀನಿ.”

“ನಿಲ್ಲಿ ಲಾಯರಮ್ಮ,” ಅಂದಳು ಕನ್ಸೋಲ್. “ಎಲ್ಲರಿಗೂ ಅಂತ ಬರೆದಿದ್ದಾರೆ ತಾನೆ?”

“ಹೌದು. ಇಲ್ಲದಿದ್ರೆ ಕೋರ್ಟು ಒಪ್ಪಲ್ವಲ್ಲ.”

“ಒಬ್ಬರೇ ಅಂತಲೂ ಇದೆ ತಾನೆ?”

“ಇದೆ.”

“ಹಂಗಾದ್ರೆ ಅದನ್ನ ಮುಟ್ಟಬೇಡಿ. ಒಂದಕ್ಷರ ಕೂಡ.”

ತೊಮಾಸಾಗೆ ಮೊದಲು ಅರ್ಥವಾಯಿತು. ಹಲ್ಲಿಲ್ಲದ ಬಾಯಿ ತೆಗೆದು ಅವಳು ನಕ್ಕಿದ್ದಕ್ಕೆ ಬೆಕ್ಕು ಎದ್ದು ಓಡಿತು.

ವರ್ಷವರ್ಷ ನೆಲೆ ಹಂಚಲು ಚೀಟಿ ಎತ್ತುವುದು ಜುಲೈ ತಿಂಗಳ ಒಂದು ಭಾನುವಾರ. ಚರ್ಚಿನ ಪೂಜೆ ಮುಗಿಸಿ ಊರೆಲ್ಲ ಕಟ್ಟೆಗೆ ಬಂತು. ಒಂದು ಕಡೆ ದೊಡ್ಡ ಬಾಣಲೆಯಲ್ಲಿ ಬೆಳ್ಳುಳ್ಳಿ, ಮೆಣಸಿನಪುಡಿ ಹಾಕಿದ ಹಾವುಮೀನಿನ ಸಾರು ಕುದಿಯುತ್ತಿತ್ತು. ನಡೆದದ್ದನ್ನು ದಾಖಲು ಮಾಡಲು ಬೆಗೋನ್ಯಾ ಪಟ್ಟಣದಿಂದ ಒಬ್ಬ ನೋಟರಿಯನ್ನು ಕರೆತಂದಿದ್ದಳು. ಹೊಳೆಯುವ ಬೂಟಿನ ಆ ಮನುಷ್ಯ ಮೀನಿನ ಲೋಳೆ ತಪ್ಪಿಸಲು ತುದಿಗಾಲಲ್ಲಿ ನಡೆದು ಬಂದು ಕುರ್ಚಿ ಹಿಡಿದ.

“ಹೆಂಗಸರು ಮೊದ್ಲು,” ಎಂದು ಸೆರಾಫಿ ಟೋಪಿ ತೆಗೆದು ಸೊಂಟ ಬಗ್ಗಿಸಿದ. ಗಂಡಸರು ವಟಗುಟ್ಟಿದರು.

ಕನ್ಸೋಲ್ ತಳಕ್ಕೆ ಹೊಸ ಹಲಗೆ ಬಡಿದಿದ್ದ ತನ್ನ ದೋಣಿಗಿಳಿದಳು. ಗಳ ಕೆಸರಿಗೆ ಇಳಿಯಿತು. ಇಡೀ ಮೈಯ ಭಾರ ಅದರ ಮೇಲೆ ಬಿತ್ತು. ದೋಣಿ ಹೊರಟಿತು. ಮತ್ತೆ ಗಳ, ಮತ್ತೆ ಭಾರ. ಬೆವರು ಕಣ್ಣಿಗಿಳಿದು ಉರಿಯಿತು. ಬಲೆ ಇದ್ದ ಕಡೆ ತಲುಪಿ ಮಂಡಿಯೂರಿ ಹಗ್ಗ ಹಿಡಿದಳು. ಅದು ಬರಲಿಲ್ಲ. ಯಾರೋ ಹಿಂದಿನ ದಿನ ಬಲೆಯೊಳಗೆ ಬೇಕೆಂದೇ ಕೆಸರಿನ ಹೆಂಟೆ ತುರುಕಿದ್ದರು. ಕಾಲನ್ನು ದೋಣಿಯ ಅಂಚಿಗೆ ಒತ್ತಿ ಎಳೆದಳು. ಭುಜದ ಕೀಲು ಕಟಕ್ಕೆಂದಿತು. ಅಂಗೈಯ ಹಳೇ ಗಾಯ ಬಾಯಿಬಿಟ್ಟಿತು. ಮೂಳೆ ಬಲಿಯುವ ಮೊದಲಿನಿಂದ ಎಳೆದ ಬಲೆ ಇದು. ಶಾಲೆ ಬಿಟ್ಟು ಎಳೆದ ಬಲೆ. ಮುಟ್ಟಿನ ನೋವಿನಲ್ಲಿ, ಜ್ವರದಲ್ಲಿ, ಅಪ್ಪನ ಹೆಸರಿನಲ್ಲಿ ಎಳೆದದ್ದು. ಅವತ್ತು ಮೊದಲ ಸಲ ತನ್ನ ಹೆಸರಿನಲ್ಲಿ ಎಳೆದಳು. ಬಲೆ ಮೇಲೆ ಬಂತು.

ಅವಳು ಕಟ್ಟೆಗೆ ಬಂದು ಬಲೆಯನ್ನು ಸೆರಾಫಿಯ ಕಾಲಬುಡದಲ್ಲಿ ಸುರಿದಾಗ ವಟಗುಟ್ಟುವಿಕೆ ನಿಂತಿತ್ತು. ನೋಟರಿ ಗಡಿಯಾರ ನೋಡಿ ಬರೆದುಕೊಂಡ. ಅರ್ಧ ಗಂಟೆಯೂ ಆಗಿರಲಿಲ್ಲ.

“ಆಯ್ತಮ್ಮ ಆಯ್ತು,” ಅಂದ ಸೆರಾಫಿ. “ಗೆದ್ದೆ. ನಡೀರಿ, ಚೀಟಿ ಎತ್ತೋಣ. ಸಾರು ಆರಿಹೋಗುತ್ತೆ.”

“ಉಳಿದವರು?” ಎಂದ ನೋಟರಿ.

“ಯಾವ ಉಳಿದವರು?”

“ನಿಮ್ಮ ನಿಯಮದಲ್ಲಿ ಎಲ್ಲರೂ ಅಂತ ಇದೆ.”

ಗಂಡಸರು ಒಬ್ಬರ ಹೊಟ್ಟೆ ಒಬ್ಬರು ನೋಡಿಕೊಂಡರು. ಸೆರಾಫಿಯ ಮುಖ ಮೆಣಸಿನ ಸಾರಿಗಿಂತ ಕೆಂಪಾಯಿತು. ಆದರೆ ಅವನು ಬುದ್ಧಿವಂತ, ಬೇಗ ದಾರಿ ಹುಡುಕಿದ. ಕನ್ಸೋಲ್‌ಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ.

“ನೋಡವ್ವ, ನಿನಗೆ ಬೇಕಾಗಿದ್ದು ನೆಲೆ. ತಗೋ. ಇವತ್ತೇ ತಗೋ. ಈ ಹಾಳು ನಿಯಮ ಎಲ್ಲರೂ ಸೇರಿ ತೆಗೆದು ಹಾಕೋಣ. ನೀನೂ ಹೂಂ ಅನ್ನು. ವಯಸ್ಸಾದವರ ಮರ್ಯಾದೆ ಉಳೀಲಿ.”

ಬೆಗೋನ್ಯಾ ಕನ್ಸೋಲ್‌ಳ ತೋಳು ಮುಟ್ಟಿದಳು. “ಒಪ್ಪಿಕೊಂಡ್ರೂ ಕೇಸು ಗೆದ್ದ ಹಾಗೇ ಅಕ್ಕ. ಯೋಚನೆ ಮಾಡಿ.”

ಕನ್ಸೋಲ್ ಯೋಚನೆ ಮಾಡಿದಳು. ಹೊಸ್ತಿಲ ಮೇಲಿನ ಕರುಳು ನೆನಪಾಯಿತು. ಅದನ್ನು ಬಾಚಿದ ಕೈ ಈಗ ರಕ್ತ ಸುರಿಸುತ್ತಿತ್ತು.

“ಇಲ್ಲ,” ಅಂದಳು. ಊರಿಗೆಲ್ಲ ಕೇಳುವಂತೆ. “ನಾನು ಹೂಂ ಅನ್ನಲ್ಲ. ನನ್ನ ಮರ್ಯಾದೆ ಅಳೆಯೋಕೆ ಈ ಬಲೆ ಇಟ್ರಿ. ನಾನು ಎತ್ತಿದೆ. ಈಗ ನೀವು ಎತ್ತಿ. ಎಲ್ಲರಿಗೂ ಒಂದೇ ಅಂದ್ರಲ್ಲ, ಒಂದೇ ಆಗಲಿ.”

ಎತ್ತಿದರು ಪಾಪ. ಎಳೆಯ ವಯಸ್ಸಿನವರು ಕೆಲವರು ಗೆದ್ದರು, ಅದನ್ನು ಹೇಳದೆ ಇರಬಾರದು. ಮುದುಕನೊಬ್ಬ ಹಟ ಹಿಡಿದು ಗೆದ್ದ, ಕನ್ಸೋಲ್ ಅವನಿಗೆ ಚಪ್ಪಾಳೆ ತಟ್ಟಿದಳು. ಉಳಿದದ್ದು ನೋಡುವಂತಿತ್ತು. ಒಬ್ಬನ ದೋಣಿ ನಿಂತಲ್ಲೇ ಗಾಣದ ಎತ್ತಿನ ಹಾಗೆ ಸುತ್ತಿತು. ಬ್ರೆಡ್ಡಿನವಳ ಗಂಡ ಗಳದ ಜೊತೆ ಕೆಸರಿನಲ್ಲಿ ಉಳಿದ, ದೋಣಿ ಮುಂದೆ ಹೋಯಿತು. ಹೆಂಗಸರು ಮೊದಮೊದಲು ಅಯ್ಯಯ್ಯೋ ಎಂದರು. ಆಮೇಲೆ ಶಾಲು ಬಾಯಿಗೆ ಒತ್ತಿಕೊಂಡರು. ಆಮೇಲೆ ಶಾಲೂ ಸಾಲಲಿಲ್ಲ.

ಕೊನೆಗೆ ಸೆರಾಫಿಯ ಸರದಿ. ಅವನು ದೋಣಿಗೆ ಇಳಿದ ಕೂಡಲೇ ಅಡೆಲೀನಾ ಬಂದು ಚಪ್ಪಲಿ ಬಿಟ್ಟು, ಲಂಗ ಮೇಲೆ ಕಟ್ಟಿ, ದೋಣಿಯ ಮುಂದಿನ ಭಾಗ ಹತ್ತಿ ಗಳ ಕೈಗೆತ್ತಿಕೊಂಡಳು. ದಿನಾ ಬೆಳಗ್ಗೆ ಮಾಡುವ ಹಾಗೆ, ಏನೂ ಯೋಚಿಸದೆ. ಸೆರಾಫಿಯೂ ಯೋಚಿಸದೆ ಹಿಂದೆ ಹೋಗಿ ಕೂತು ಸಿಗರೇಟಿಗೆ ಜೇಬು ತಡಕಿದ.

“ಒಬ್ಬರೇ,” ಎಂದ ನೋಟರಿ.

ಸೆರಾಫಿಗೆ ಅರ್ಥವೇ ಆಗಲಿಲ್ಲ. “ಒಬ್ಬನೇ ಇದೀನಲ್ಲ?”

“ಇವರು?”

“ಇವಳಾ? ಇವಳು ನನ್ನ ಹೆಂಡ್ತಿ ಕಣ್ರೀ. ಕೈ ಜೋಡಿಸ್ತಾಳೆ. ಅಷ್ಟೆ.”

ಅಡೆಲೀನಾ ಗಳ ಹಿಡಿದು ನಿಂತೇ ಇದ್ದಳು. ನಿಧಾನವಾಗಿ ಗಂಡನ ಕಡೆ ತಿರುಗಿದಳು.

“ಅಷ್ಟೇನಾ?”

“ಏನೇ?”

“ಅಷ್ಟೇನಾ ಅಂದೆ. ಅವತ್ತು ಕೋರ್ಟಲ್ಲಿ ಮೈಗೆ ಕಸುವಿಲ್ಲ ಅಂದೆ, ನುಂಗ್ಕೊಂಡೆ. ಊರ ಹೆಂಗಸರನ್ನೆಲ್ಲ ಬಸ್ಸಲ್ಲಿ ತುಂಬ್ಕೊಂಡು ಹೋಗಿದ್ದೆ ನಿನಗೋಸ್ಕರ. ಇಳಿ ಕೆಳಗೆ.”

“ಅಡೆಲೀನಾ, ಜನ ನೋಡ್ತಿದಾರೆ...”

“ನೋಡ್ಲಿ ಅಂತಲೇ. ಇಳಿ.”

ಅವನು ಇಳಿದ. ಅವಳು ಹೊರಟಳು. ಅರವತ್ತು ದಾಟಿದ ಹೆಂಗಸು ಗಳ ಹಾಕುವ ಅಂದ ನೋಡಲು ಕನ್ಸೋಲ್ ಕಟ್ಟೆಯ ಅಂಚಿಗೇ ಬಂದು ನಿಂತಳು. ನೀರು ಕಲಕಲಿಲ್ಲ. ಬಲೆಯನ್ನು ಅವಳು ಎಳೆಯಲಿಲ್ಲ, ನೀರಿನಿಂದ ಬಿಡಿಸಿಕೊಂಡಂತೆ ಎತ್ತಿದಳು. ಹೋದಷ್ಟೇ ಸಲೀಸಾಗಿ ಕಟ್ಟೆಗೆ ಬಂದಳು.

“ಸೆರಾಫಿಯವರ ಹೆಂಡತಿ...” ಎಂದು ನೋಟರಿ ಬರೆಯತೊಡಗಿದ.

“ಅದಲ್ಲ. ಹೆಸರು ಬರ್ಕೊಳ್ಳಿ.” ಸ್ಪೇನಿನ ಕಾನೂನು ಒಂದನ್ನಂತೂ ಹೆಂಗಸರಿಂದ ಯಾವತ್ತೂ ಕಿತ್ತುಕೊಂಡಿರಲಿಲ್ಲ. ಮದುವೆಯಾದರೂ ತಂದೆಯದೊಂದು, ತಾಯಿಯದೊಂದು ಮನೆಹೆಸರು ಅವರ ಬಳಿಯೇ ಉಳಿಯುತ್ತಿದ್ದವು. ಯಾರೂ ಕರೆಯುತ್ತಿರಲಿಲ್ಲ ಅಷ್ಟೆ. ಅಡೆಲೀನಾ ಒಂದು ಕ್ಷಣ ತಡೆದು, ತಾಯಿಯ ಮನೆಹೆಸರು ನೆನಪಿಸಿಕೊಂಡು ಹೇಳಿದಳು. “ಅಡೆಲೀನಾ ಬೊನಾಸ್ತ್ರೆ ಕ್ಲಿಮೆಂತ್. ಸಂಘದ ಮನೆಯಲ್ಲೇ ಹುಟ್ಟಿದವಳು.”

ಅವಳು ಬಂದು ಕನ್ಸೋಲ್ ಪಕ್ಕ ಸಾಲಿನಲ್ಲಿ ನಿಂತಳು. ಇಬ್ಬರ ಮೈಯಿಂದಲೂ ಕೆಸರು ತೊಟ್ಟಿಕ್ಕುತ್ತಿತ್ತು.

“ನಿನ್ನ ಬಾಗಿಲಿಗೆ ಆ ಕರುಳು ಹಾಕಿದ್ದು ನಾನೇ ಕಣೆ,” ಅಂದಳು ಅಡೆಲೀನಾ, ಮುಂದೆ ನೋಡುತ್ತಲೇ.

“ಗೊತ್ತು ಅತ್ತೆ. ಕುಯ್ದಿದ್ದು ನೋಡಿದ ಕೂಡಲೇ ಗೊತ್ತಾಯ್ತು. ಅಷ್ಟು ನೀಟಾಗಿ ಕರುಳು ತೆಗೆಯೋರು ಈ ಊರಲ್ಲಿ ನೀನೊಬ್ಬಳೆ.”

ಅಡೆಲೀನಾಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣೊರೆಸಿಕೊಂಡಳು, ಮುಖಕ್ಕೆಲ್ಲ ಕೆಸರು ಬಳಿದುಕೊಂಡಿತು.

ಚೀಟಿಯಲ್ಲಿ ಕನ್ಸೋಲ್‌ಗೆ ಬಂದದ್ದು ತೂಬಿನ ಆಚೆ ಜೊಂಡಿನ ನಡುವಿನ ನೆಲೆ. ಸರೋವರದಲ್ಲೇ ಹಾಳು ಜಾಗ, ಬರೀ ಪಾಚಿ. ಸೋತವರಿಗೆ ಕೊನೆಗೂ ನಗಲು ಏನೋ ಸಿಕ್ಕಿತು. ಅವರಿಗಿಂತ ಜೋರಾಗಿ ನಕ್ಕಿದ್ದು ಕನ್ಸೋಲ್. ಹಾಳೋ ಮೂಳೋ, ಅದರ ಗೂಟವನ್ನು ಇನ್ನು ಯಾರೂ ಕೀಳುವಂತಿರಲಿಲ್ಲ. ಕೈಗೆ ಬಟ್ಟೆ ಸುತ್ತಿಕೊಂಡು ಎರಡು ತಟ್ಟೆ ಸಾರು ಕುಡಿದಳು.

ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಅವಳು ತನ್ನ ದೋಣಿ ಬಿಚ್ಚುತ್ತಿದ್ದಳು. ಪಕ್ಕದ ದೋಣಿಯಲ್ಲಿ ತನ್ನ ಹೆಸರಿಗೆ ಬಂದ ನೆಲೆಗೆ ಹೊರಟ ಅಡೆಲೀನಾ ಹಗ್ಗ ಸುತ್ತುತ್ತಿದ್ದಳು. ಕಟ್ಟೆಯ ಮೇಲೆ ಸೆರಾಫಿ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಇಷ್ಟು ವರ್ಷ ಹತ್ತಿದ ದೋಣಿಯನ್ನು ಹೇಗೆ ಹತ್ತಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

“ನಾನೂ ಬರಲೇನೆ?” ಎಂದ.

ಅಡೆಲೀನಾ ಗಳವನ್ನು ಅವನ ಕೈಗೆ ಎಸೆದಳು.

“ಬಾ. ಕೈ ಜೋಡಿಸು. ಅಷ್ಟೆ.”

ಕನ್ಸೋಲ್ ತಿರುಗಿ ನೋಡಲಿಲ್ಲ. ನಗುವಿಗೆ ಭುಜ ಕುಣಿಯುತ್ತಿತ್ತು. ಗಳವನ್ನು ಕೆಸರಿಗೆ ಊರಿ, ಜೊಂಡಿನ ಕಡೆ, ತನ್ನ ನೆಲೆಯ ಕಡೆ ದೋಣಿ ನೂಕಿದಳು.